ಇಪ್ಪತ್ತೊಂದರ ಜಾಗದಲ್ಲಿ ಇಪ್ಪತ್ತೆರಡು

"ಮುಟ್ಟಬೇಡಿ ಮೇಡಂ. ಗೋಂದು ಒಣಗಿ ಪುಡಿಯಾಗಿದೆ. ಒಂದು ತುಂಡು ಉದುರಿದ್ರೆ ನಾಳೆ ನನ್ನ ತಲೆ ಉದುರುತ್ತೆ."

ಲ್ಯಾಬಿನ ಡಾಕ್ಟರು ಹೀಗೆನ್ನುವ ಹೊತ್ತಿಗೆ ನನ್ನ ಬೆರಳು ಆ ಹಾಳೆಯಿಂದ ಒಂದು ಅಂಗುಲ ದೂರದಲ್ಲಿತ್ತು. ಕೈ ಹಿಂದಕ್ಕೆಳೆದು ಜೇಬಿಗೆ ತುರುಕಿದೆ. ಬೆಳಗ್ಗೆಯಿಂದ ಈ ಕೈ ಸುಮ್ಮನಿರುತ್ತಿಲ್ಲ.

ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ ಎರಡು ಹಾಳೆಗಳಿದ್ದವು. ಬಲಗಡೆಯದು ಹೋದ ವಾರ ಕಂಪ್ಯೂಟರು ಮುದ್ರಿಸಿದ್ದು: ನಾನು ವಕೀಲೆಯಾಗಿ ನಿಂತಿರುವ ದರ್ಜಿ ಹುಡುಗಿಯ ವರ್ಣತಂತುಗಳು. ಎಡಗಡೆಯದು ಇಪ್ಪತ್ತೆಂಟು ವರ್ಷ ಹಳೆಯದು: ಗಡಿಯಾರ ರಿಪೇರಿಯವರ ಮಗಳು ಒಂದು ತಿಂಗಳ ಕೂಸಾಗಿದ್ದಾಗ ತೆಗೆದ ರಕ್ತದಿಂದ ಮಾಡಿದ್ದು.

ಆ ಕಾಲದಲ್ಲಿ ಈ ಕೆಲಸ ಕೈಯಲ್ಲೇ ನಡೆಯುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ಕಂಡ ಒಂದು ಜೀವಕೋಶದ ಫೋಟೋ ತೆಗೆಯಬೇಕು. ಅದರಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದ ಒಂದೊಂದು ವರ್ಣತಂತುವನ್ನೂ ಕತ್ತರಿಸಿ ತೆಗೆದು, ಅದರ ಜೊತೆಯದನ್ನು ಹುಡುಕಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಹಾಳೆಗೆ ಅಂಟಿಸಬೇಕು.

"ಬಲಗಡೆ ನಲವತ್ತೈದು, ಎಡಗಡೆ ನಲವತ್ತಾರು," ಎಂದರು ಡಾಕ್ಟರು. "ಇದರಲ್ಲಿ ಚರ್ಚೆ ಮಾಡೋಕೆ ಏನಿದೆ? ಈ ಹುಡುಗೀಲಿ ಹದಿನಾಲ್ಕನೇದಕ್ಕೆ ಇಪ್ಪತ್ತೊಂದನೇದು ಕೂಡ್ಕೊಂಡು ಎರಡೂ ಒಂದಾಗಿವೆ. ಅದು ಹುಟ್ಟುವಾಗಲೇ, ಹೆಚ್ಚಾಗಿ ಅಪ್ಪ ಅಮ್ಮನಿಂದ ಬಂದದ್ದು. ಆ ಮಗೂಲಿ ಎಲ್ಲ ನೆಟ್ಟಗಿದೆ. ಇಬ್ಬರೂ ಒಬ್ಬರೇ ಆಗೋಕೆ ಸಾಧ್ಯವೇ ಇಲ್ಲ."

ಫೋನು ಗುಂಯ್‌ಗುಟ್ಟಿತು. ಇನ್‌ಸ್ಪೆಕ್ಟರು.

"ಏನು ಮೇಡಂ, ಇನ್ನೂ ಆ ಹುಳ ಎಣಿಸ್ತಾನೇ ಇದ್ದೀರಾ?"

"ಹುಳ ಅಲ್ಲ ಸಾರ್, ವರ್ಣತಂತು."

"ಯಾವುದೋ ಒಂದು ತಂತು. ನೋಡಿ, ನಾಲ್ಕು ಗಂಟೆಗೆ ಗಡಿಯಾರದ ಅಂಗಡಿ ಮುಂದೆ ನನ್ನ ಜೀಪು ನಿಲ್ಲುತ್ತೆ. ಅಂಗಡಿಯವರ ತಮ್ಮ ಬರವಣಿಗೆಯಲ್ಲಿ ದೂರು ಕೊಟ್ಟಿದ್ದಾನೆ, ಆ ಹುಡುಗಿ ಮಗಳು ಅಂತ ಸುಳ್ಳು ಹೇಳ್ಕೊಂಡು ಮನೆ ಸೇರಿದ್ದಾಳೆ ಅಂತ. ನಾನು ಸುಮ್ಮನೆ ಕೂರೋ ಹಾಗಿಲ್ಲ."

ಗೋಡೆಯ ಗಡಿಯಾರ ಒಂದೂ ಮುಕ್ಕಾಲು ತೋರಿಸುತ್ತಿತ್ತು.

"ಒಂದು ಮಾತು," ಇನ್‌ಸ್ಪೆಕ್ಟರ ದನಿ ತಗ್ಗಿತು. "ಮಗಳ ಪುಸ್ತಕದಲ್ಲಿ ಓದ್ದೆ. ಮ್ಯುಟೇಶನ್ ಅಂತ ಇದೆಯಲ್ಲ, ಉತ್ಪರಿವರ್ತನೆ. ಹುಟ್ಟಿದಾಗ ನಲವತ್ತಾರು ಇದ್ದದ್ದು ಆಮೇಲೆ ಹಾಗೆ ಆಗಿರಬಹುದಲ್ವಾ?"

ಈ ಮನುಷ್ಯನಿಗೂ ಆ ಹುಡುಗಿಯನ್ನು ಜೀಪು ಹತ್ತಿಸುವುದು ಬೇಕಿಲ್ಲ ಎಂದು ಆಗ ನನಗೆ ತಿಳಿಯಿತು. ಆದರೂ ಸುಳ್ಳು ಹೇಳಲಾರೆ.

"ಬೆಳೆದವರಲ್ಲಿ ಹೊಸದಾಗಿ ಬದಲಾವಣೆ ಆದ್ರೆ ಯಾವುದೋ ಒಂದು ಜೀವಕೋಶದಲ್ಲಿ ಆಗುತ್ತೆ ಸಾರ್. ಬೀದಿಯಲ್ಲಿ ಒಂದು ಮನೆಯವರು ಬಾಗಿಲಿಗೆ ಹಸಿರು ಬಣ್ಣ ಹೊಡೆದ್ರೆ ಬೀದಿಗೆ ಬೀದಿಯೇ ಹಸಿರಾಗಲ್ಲ. ಇವಳಲ್ಲಿ ನೋಡಿದ ಕೋಶದಲ್ಲೆಲ್ಲ ನಲವತ್ತೈದೇ ಇದೆ."

"ಸರಿ ಹೋಯ್ತು. ನೀವು ಯಾರ ಕಡೆ? ಡಿಎನ್ಎ ಮಾಡ್ಸಿ ಅಂದ್ರೆ ಅದಕ್ಕೂ ಆಗಲ್ಲ ಅಂತೀರಿ."

"ಯಾರ ಜೊತೆ ಹೋಲಿಸೋದು? ಒಂದೊಂದು ಜೀನಿಗೂ ನಮ್ಮಲ್ಲಿ ಎರಡು ಪ್ರತಿ ಇರುತ್ತೆ, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಆ ಪ್ರತಿಗಳು ಬೇರೆ ಬೇರೆ ಥರ ಇರಬಹುದು. ಆ ಥರಗಳಿಗೇ ಅಲೀಲು ಅನ್ನೋದು. ಇವಳ ಅಲೀಲು ಎಲ್ಲಿಂದ ಬಂತು ಅಂತ ಹೇಳೋಕೆ ರಕ್ತಸಂಬಂಧಿ ಒಬ್ಬರಾದ್ರೂ ಬೇಕು. ಯಾರಿದ್ದಾರೆ?"

ಯಾರೂ ಇಲ್ಲವೆಂದು ಇನ್‌ಸ್ಪೆಕ್ಟರಿಗೂ ಗೊತ್ತು. ಗಡಿಯಾರದವರು ಹೆತ್ತ ತಂದೆಯಲ್ಲ, ಮೂರು ತಿಂಗಳ ಹೆಣ್ಣುಕೂಸನ್ನು ಎತ್ತಿಕೊಂಡು ಬಂದವಳನ್ನು ಮದುವೆಯಾದವರು. ಕೂಸು ನಾಲ್ಕು ವರ್ಷದ್ದಾಗಿದ್ದಾಗ ರೈಲು ನಿಲ್ದಾಣದಲ್ಲಿ ಕೈತಪ್ಪಿ ಹೋಯಿತು. ಹೆಂಡತಿ ಒಂಬತ್ತು ವರ್ಷದ ಹಿಂದೆ ದೋಣಿ ಮುಳುಗಿ ಹೋದಳು, ದೇಹವೂ ಸಿಗಲಿಲ್ಲ.

ಮೂರು ವಾರದ ಹಿಂದೆ ಅನಾಥಾಲಯದಲ್ಲಿ ಬೆಳೆದ ಒಬ್ಬ ದರ್ಜಿ ಹುಡುಗಿ ಅಂಗಡಿಯ ಮೆಟ್ಟಿಲು ಹತ್ತಿ, "ಗೋಡೆ ತುಂಬ ಗಡಿಯಾರ, ಎಲ್ಲವೂ ಬೇರೆ ಬೇರೆ ಹೊತ್ತು ತೋರಿಸ್ತಿದ್ವು, ಅದೊಂದೇ ನನಗೆ ನೆನಪಿರೋದು," ಎಂದಳು. ಅವರು ಕಣ್ಣಿನ ಭೂತಗನ್ನಡಿಯನ್ನೂ ತೆಗೆಯದೆ ಅವಳನ್ನೇ ನೋಡುತ್ತ ನಿಂತುಬಿಟ್ಟರಂತೆ. ಇನ್ನೊಮ್ಮೆ ಮಗಳನ್ನು ಕಳೆದುಕೊಂಡರೆ ಆ ಜೀವ ಉಳಿಯುವುದಿಲ್ಲ.

ಫೋನಿಟ್ಟು ಮತ್ತೆ ಮೇಜಿನ ಮೇಲೆ ಬಾಗಿದೆ. ಒಂದರಿಂದ ಶುರುಮಾಡಿದೆ. ಹನ್ನೆರಡು, ಹದಿಮೂರು, ಹದಿನಾಲ್ಕು. ಎಲ್ಲ ಅಚ್ಚುಕಟ್ಟು. ಹತ್ತೊಂಬತ್ತು, ಇಪ್ಪತ್ತು.

ನನ್ನ ಕಣ್ಣು ಅಲ್ಲೇ ನಿಂತಿತು.

"ಡಾಕ್ಟರೇ, ಈ ಇಪ್ಪತ್ತೊಂದನೇ ಜೋಡಿ ನೋಡಿ."

"ಏನಾಗಿದೆ? ಎರಡಿವೆ."

"ಎರಡಿವೆ. ಆದರೆ ಅವು ಇಪ್ಪತ್ತೊಂದಲ್ಲ."

ಶಾಲೆ ಬಿಟ್ಟ ಮೇಲೆ ನಾನು ಬೆಳೆದದ್ದೇ ಈ ಕೋಣೆಯಲ್ಲಿ. ಇಲ್ಲಿ ಮೂವತ್ತು ವರ್ಷ ವರ್ಣತಂತು ಕತ್ತರಿಸಿದವಳು ನನ್ನ ಅಮ್ಮನ ಅಕ್ಕ. ಇಡೀ ಆಸ್ಪತ್ರೆಗೆ ಅವಳು ಕತ್ತರಿಯಮ್ಮ, ನನಗೆ ದೊಡ್ಡಮ್ಮ. ಬೇರೆ ಮಕ್ಕಳು ಚಿತ್ರದ ತುಂಡು ಜೋಡಿಸಿ ಆಡುವಾಗ ನಾನು ಅವಳು ಬೇಡವೆಂದು ಬಿಸಾಡಿದ ಫೋಟೋಗಳನ್ನು ಜೋಡಿಸಿ ಆಡುತ್ತಿದ್ದೆ. ಅವಳು ಕಲಿಸಿದ ಮೊದಲ ಪಾಠವೇ ಕೊನೆಯ ಎರಡು ಜೋಡಿಗಳದು.

ಸಂಖ್ಯೆ ಕೊಡುವುದು ಉದ್ದದ ಮೇಲೆ. ಅತಿ ಉದ್ದದ್ದು ಒಂದು. ಲೆಕ್ಕದ ಪ್ರಕಾರ ಇಪ್ಪತ್ತೆರಡು ಎಲ್ಲಕ್ಕಿಂತ ಗಿಡ್ಡವಿರಬೇಕು. ಇಲ್ಲ. ಗಿಡ್ಡವಿರುವುದು ಇಪ್ಪತ್ತೊಂದು. ಹಿಂದೆ ಸಂಖ್ಯೆ ಕೊಟ್ಟವರು ತಪ್ಪಿದ್ದರು, ಗೊತ್ತಾಗುವ ಹೊತ್ತಿಗೆ ಹೆಸರು ಬೇರೂರಿತ್ತು, ಹಾಗೇ ಬಿಟ್ಟರು. ಪಟ್ಟೆ ನೋಡಿದರೂ ತಿಳಿಯುತ್ತದೆ: ಇಪ್ಪತ್ತೊಂದಕ್ಕೆ ಸೊಂಟದ ಕೆಳಗೆ ಒಂದು ದಪ್ಪ ಕಪ್ಪು ಪಟ್ಟೆ, ಇಪ್ಪತ್ತೆರಡು ಬಿಳಿಚಿಕೊಂಡಿರುತ್ತದೆ.

ಈ ಹಾಳೆಯಲ್ಲಿ ಇಪ್ಪತ್ತೊಂದರ ಜಾಗದಲ್ಲಿ ಬಿಳಿಚಿದ ಜೋಡಿ ಕೂತಿತ್ತು. ದಪ್ಪ ಪಟ್ಟೆಯ ಗಿಡ್ಡರು ಇಪ್ಪತ್ತೆರಡರಲ್ಲಿದ್ದರು.

ಡಾಕ್ಟರು ಕನ್ನಡಕ ಹಣೆಗೇರಿಸಿ ಬಾಗಿದರು. "ಅರೆ, ಹೌದಲ್ಲ! ಪುಸ್ತಕ ಓದಿ ಜೋಡಿಸಿದವರು ಮಾಡೋ ತಪ್ಪು ಇದು. ದೊಡ್ಡದರಿಂದ ಚಿಕ್ಕದಕ್ಕೆ ಅಂತ ಓದಿ ಹಾಗೇ ಇಟ್ಟುಬಿಡ್ತಾರೆ."

"ಅಥವಾ ಕಂಪ್ಯೂಟರೇ ಎಲ್ಲ ಜೋಡಿಸಿ ಕೊಟ್ಟು ಅಭ್ಯಾಸವಾದವರು."

ಅವರು ನಿಧಾನಕ್ಕೆ ನೆಟ್ಟಗಾದರು. "ಓಹೋ. ಅಂದ್ರೆ ನಾನು?"

"ಹಳೆ ಹಾಳೆಗಳಿರೋ ಕಪಾಟಿನ ಬೀಗದ ಕೈ ನಿಮ್ಮ ಹತ್ರ ಇದೆ."

"ನನ್ನ ಹತ್ರ ಚಪ್ಪಲಿ ಕಪಾಟಿನ ಬೀಗದ ಕೈಯೂ ಇದೆ. ಮೇಡಂ, ನಾನು ಈ ತಪ್ಪು ಮಾಡಿದ್ರೆ ಗೋಂದು ಹಸಿಯಾಗಿರ್ತಿತ್ತು. ಈಗ ತಾನೇ ಹೇಳಲಿಲ್ವಾ, ಪುಡಿಪುಡಿಯಾಗಿದೆ ಅಂತ? ತುಂಡುಗಳ ಸುತ್ತ ಹಾಳೆ ಹಳದಿಯಾಗಿರೋದು ನೋಡಿ. ಇದನ್ನ ಅಂಟಿಸಿದಾಗ ನಾನು ಎರಡನೇ ಕ್ಲಾಸಿನಲ್ಲಿದ್ದೆ."

ಅವರ ಮಾತು ನಿಜ. ಸುಳ್ಳು ಹಾಳೆಯಾಗಿದ್ದರೂ ಅದು ಇಪ್ಪತ್ತೆಂಟು ವರ್ಷ ಹಳೆಯ ಸುಳ್ಳು.

ಭೂತಗನ್ನಡಿ ಕೇಳಿ ಪಡೆದೆ. ಒಂದೊಂದು ತುಂಡಿನ ಅಂಚನ್ನೂ ನೋಡಿದೆ. ಎಲ್ಲ ತುಂಡುಗಳಲ್ಲೂ ಬಲಗಡೆ ಒಂದು ಕೂದಲೆಳೆಯಷ್ಟು ಬಿಳಿ ಹೆಚ್ಚು ಉಳಿದಿತ್ತು. ಬಲಗೈಯವರು ಕತ್ತರಿಸಿದರೆ ಅದು ಎಡಕ್ಕೆ ಉಳಿಯುತ್ತದೆ.

ಆಗಿನ ಈ ಲ್ಯಾಬಿನಲ್ಲಿ ಎಡಚರು ಒಬ್ಬರೇ.

ಕೈ ಅವಳದು, ತಪ್ಪು ಅವಳದಲ್ಲ. ದೊಡ್ಡಮ್ಮ ನಿದ್ದೆಗಣ್ಣಿನಲ್ಲೂ ಈ ತಪ್ಪು ಮಾಡುವವಳಲ್ಲ.

"ನಿಮ್ಮ ಮುಖ ಯಾಕೆ ಹಾಗಾಯ್ತು?" ಎಂದರು ಡಾಕ್ಟರು.

ನಾನಾಗಲೇ ಮೆಟ್ಟಿಲಿಳಿಯುತ್ತಿದ್ದೆ.

*

ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಎರಡು ನಿಲ್ದಾಣ ಮೊದಲೇ ಇಳಿದು ನಡೆದೆ. ದೊಡ್ಡಮ್ಮನ ಮನೆ ನಾಲ್ಕನೇ ಮಹಡಿ. ಲಿಫ್ಟಿಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ.

ಅವಳು ಅಡುಗೆಮನೆಯ ಕಿಟಕಿಯ ಬಳಿ ಕೂತು ಬೀನ್ಸ್ ಕತ್ತರಿಸುತ್ತಿದ್ದಳು. ಚಾಕುವಿನಿಂದಲ್ಲ, ಕತ್ತರಿಯಿಂದ. ಎಡಗೈ ಚಕಚಕ ಆಡುತ್ತಿತ್ತು, ತುಂಡುಗಳು ಅಳತೆಯಿಟ್ಟಂತೆ ಬೀಳುತ್ತಿದ್ದವು.

"ಏನೇ ಪುಟ್ಟಿ, ಓಡ್ಕೊಂಡು ಬಂದ ಹಾಗಿದೆ. ಊಟ ಆಯ್ತಾ?"

"ಆಯ್ತು."

"ಸುಳ್ಳು. ಊಟ ಮಾಡಿದವಳ ಮುಖ ಹೀಗಿರಲ್ಲ. ಕೂತ್ಕೋ."

"ದೊಡ್ಡಮ್ಮ, ಇಪ್ಪತ್ತೊಂದು ದೊಡ್ಡದೋ, ಇಪ್ಪತ್ತೆರಡು ದೊಡ್ಡದೋ?"

"ಲೆಕ್ಕದ ಮೇಷ್ಟ್ರನ್ನ ಕೇಳು." ಕತ್ತರಿ ನಿಲ್ಲಲಿಲ್ಲ.

"ನಿನ್ನನ್ನೇ ಕೇಳ್ತಿದ್ದೀನಿ."

"ಇಪ್ಪತ್ತೆರಡು. ಏಳು ವರ್ಷದವಳಿದ್ದಾಗಲೇ ನಿನಗೆ ಹೇಳಿಕೊಟ್ಟಿದ್ದೆ. ಮರೆವು ಶುರುವಾಯ್ತೋ ಹೇಗೆ? ನಮ್ಮ ಮನೆತನದ ಜೀನುಗಳಲ್ಲಿ ಅದೊಂದು ಇರಲಿಲ್ಲಪ್ಪ, ನಿಮ್ಮಪ್ಪನ ಕಡೆಯಿಂದ ಬಂದಿರಬೇಕು."

ನಾನು ನಗಲಿಲ್ಲ. ಫೋನಿನಲ್ಲಿ ತೆಗೆದ ಹಾಳೆಯ ಚಿತ್ರವನ್ನು ಬೀನ್ಸ್ ತಟ್ಟೆಯ ಪಕ್ಕದಲ್ಲಿಟ್ಟೆ.

ಕತ್ತರಿ ನಿಂತಿತು.

ಅವಳು ತುಂಬ ಹೊತ್ತು ನೋಡಲಿಲ್ಲ. ತನ್ನದೇ ಕೈಕೆಲಸ ಗುರುತಿಸಲು ಯಾರಿಗೂ ಹೊತ್ತು ಬೇಡ. ಸೆರಗಿನಿಂದ ಕೈ ಒರೆಸಿಕೊಂಡು, "ಯಾರಿಗೂ ಕಾಣಿಸಲ್ಲ ಅಂದ್ಕೊಂಡಿದ್ದೆ," ಎಂದಳು. "ಆಗಿನ ದೊಡ್ಡ ಡಾಕ್ಟರಿಗೇ ಕಾಣಿಸಲಿಲ್ಲ. ಸಹಿ ಹಾಕುವಾಗ ಅವರ ಕಣ್ಣು ಯಾವಾಗಲೂ ಊಟದ ಡಬ್ಬಿ ಮೇಲೆ."

"ಬೇಕೂಂತಲೇ ಅದಲುಬದಲು ಮಾಡಿದೆ."

"ಹೂಂ."

"ಯಾಕೆ?"

"ಸುಳ್ಳು ಹಾಳೆಗೆ ನನ್ನ ಸರಿಯಾದ ಕೆಲಸದ ಗುರುತು ಇರಬಾರದು ಅಂತ. ಯಾವತ್ತೋ ಒಂದು ದಿನ ತಿಳಿದವರ ಕಣ್ಣಿಗೆ ಬೀಳಲಿ ಅಂತ. ಅದು ನೀನೇ ಆಗಬೇಕಿತ್ತಾ, ಪುಟ್ಟಿ?"

"ಆ ಹಾಳೆ ಯಾರದು?"

"ಅವತ್ತೇ ನೋಡಿದ ಇನ್ನೊಂದು ಹೆಣ್ಣುಮಗುವಿನದು. ಎಲ್ಲ ಸರಿಯಾಗಿದ್ದ ಮಗು. ಅದರ ಫೋಟೋ ಇನ್ನೊಂದು ಪ್ರತಿ ತೊಳೆದು ಕತ್ತರಿಸಿದೆ."

ನಾನು ಎದ್ದು ಕಿಟಕಿಯವರೆಗೆ ಹೋಗಿ ವಾಪಸು ಬಂದೆ. ಮೂರು ಹೆಜ್ಜೆಯ ಅಡುಗೆಮನೆ, ನಡೆಯಲೂ ಜಾಗವಿಲ್ಲ.

"ದೊಡ್ಡಮ್ಮ, ಆ ಹಾಳೆ ನಂಬಿ ಇವತ್ತು ನಾಲ್ಕು ಗಂಟೆಗೆ ಒಬ್ಬ ಹುಡುಗೀನ ಜೀಪಿಗೆ ಹತ್ತಿಸ್ತಾರೆ. ಅವಳಿಗೆ ನಲವತ್ತೈದಿವೆ. ನಿನ್ನ ಹಾಳೆ ನಲವತ್ತಾರು ಅನ್ನುತ್ತೆ. ಅವಳು ಮೋಸಗಾತಿ ಅಂತ ತೀರ್ಮಾನ ಆಗಿರೋದು ಅದೊಂದರ ಮೇಲೆ."

"ನಲವತ್ತೈದಾ? ಯಾವುದು ಕೂಡ್ಕೊಂಡಿದೆ?"

"ಹದಿನಾಲ್ಕು, ಇಪ್ಪತ್ತೊಂದು."

ಅವಳು ಗೋಡೆ ಹಿಡಿದುಕೊಂಡು ಎದ್ದಳು.

"ಆ ಮಗೂದೂ ಅದೇ," ಎಂದಳು. "ಹಾಲು ಕುಡೀತಿಲ್ಲ, ಮೈ ಹಿಡೀತಿಲ್ಲ ಅಂತ ರಕ್ತ ತೆಗೆಸೋಕೆ ಕಳಿಸಿದ್ರು. ನಲವತ್ತೈದು ಬಂತು. ನಾನೇ ಹೇಳ್ದೆ ಅದರಮ್ಮನಿಗೆ, ಇದರಿಂದ ಮಗುಗೆ ತೊಂದರೆ ಇಲ್ಲ ತಾಯಿ, ಇರಬೇಕಾದ್ದೆಲ್ಲ ಇದೆ, ಎರಡು ಸೇರ್ಕೊಂಡಿವೆ ಅಷ್ಟೇ ಅಂತ. ಮುಂದೆ ಅದಕ್ಕೆ ಮಕ್ಕಳಾಗೋ ಕಾಲಕ್ಕೆ ಡಾಕ್ಟರಿಗೆ ತೋರಿಸಿದ್ರಾಯ್ತು ಅಂತ. ಕೇಳಲಿಲ್ಲ. ಕಾಲು ಹಿಡ್ಕೊಂಡಳು. ಗಡಿಯಾರದವರ ಮನೇಲಿ ಮದುವೆ ಮಾತು ನಡೀತಿದೆ, ಹೀಗಿದೆ ಅಂತ ಗೊತ್ತಾದ್ರೆ ಅವರಮ್ಮ ಒಪ್ಪಲ್ಲ ಅಂದಳು. ನನಗೂ ಆಗ ವಯಸ್ಸು ಚಿಕ್ಕದು. ಕರಗಿಬಿಟ್ಟೆ."

ಸಮಯ ನೋಡಿದೆ: ಮೂರು ಗಂಟೆ ಹತ್ತು ನಿಮಿಷ.

"ನಿಜವಾದ ಫೋಟೋ?"

"ಇದ್ರೆ?"

"ಇದ್ದರೆ ಆ ಹುಡುಗಿ ಉಳ್ಕೋತಾಳೆ. ನಲವತ್ತೈದು ಎಣಿಸಿ ತೋರಿಸಿದ್ರೆ ಸಾಕು. ಅದೇ ಜೋಡಿ ಕೂಡಿಕೊಂಡಿರೋದು ಸಾವಿರಾರು ಜನರಲ್ಲಿ ಒಬ್ಬರಿಗೆ. ನಿನ್ನ ಮೇಲೆ ಏನು ಬಂದರೂ ನಾನಿದ್ದೀನಿ."

"ನನ್ನ ಚಿಂತೆ ಬಿಡು. ನಿವೃತ್ತಿಯಾದವಳನ್ನ ಏನು ಮಾಡ್ತಾರೆ, ಮತ್ತೆ ಕೆಲಸಕ್ಕೆ ಕರೀತಾರಾ?"

ಆದರೂ ಅವಳು ಕದಲಲಿಲ್ಲ. ನಾನು ಕೈ ಮುಗಿಯುವುದೊಂದು ಬಾಕಿ. ಕೊನೆಗೆ ಒಳಕೋಣೆಗೆ ಹೋದಳು. ಬೀರು ತೆರೆದ ಸದ್ದು, ಹಳೆಯ ಕಾಗದಗಳ ಸರಸರ. ಬಂದಾಗ ಕೈಯಲ್ಲಿ ಕಂದುಬಣ್ಣದ ಒಂದು ಲಕೋಟೆ.

ಒಳಗಿದ್ದದ್ದು ಅಂಗೈಯಗಲದ ಒಂದೇ ಫೋಟೋ. ಕತ್ತರಿ ತಾಗಿರಲಿಲ್ಲ. ಜೀವಕೋಶ ಒಡೆದು ಚೆಲ್ಲಿದ ವರ್ಣತಂತುಗಳು ಚೆಲ್ಲಿದಂತೆಯೇ ಬಿದ್ದಿದ್ದವು. ಹಿಂದೆ ಫೈಲಿನ ಸಂಖ್ಯೆ, ತಾರೀಕು, ಅವಳ ಸಹಿ.

"ಎಣಿಸ್ಕೋ. ಎಣಿಸಿ ಹೊರಡು, ಹೊತ್ತಾಗುತ್ತೆ," ಎಂದಳು.

ಎಣಿಸಿದೆ. ನಲವತ್ತೈದು. ಮತ್ತೆ ಎಣಿಸಿದೆ. ನಲವತ್ತೈದು. ಎಡಮೂಲೆಯಲ್ಲಿ ಆ ಕೂಡಿಕೆ ಎದ್ದು ಕಾಣುತ್ತಿತ್ತು: ಹದಿನಾಲ್ಕರ ತುದಿಗೆ ಅಂಟಿಕೊಂಡ ದಪ್ಪ ಪಟ್ಟೆ. ದರ್ಜಿ ಹುಡುಗಿಯ ಹಾಳೆಯಲ್ಲಿರುವಂಥದೇ.

"ಸಿಕ್ಕಿತಲ್ಲ, ಹೊರಡು."

"ಒಂದು ನಿಮಿಷ."

ಇದು ಚಿಕ್ಕಂದಿನ ಚಟ. ಬಿಡಿಬಿಡಿಯಾಗಿ ಬಿದ್ದದ್ದನ್ನು ಕಂಡರೆ ಜೋಡಿಸದೆ ಇರಲಾರೆ. ಕಣ್ಣು ತನ್ನಷ್ಟಕ್ಕೆ ಓಡಿತು. ಇದರ ಜೊತೆಯದು ಅಲ್ಲಿ, ಅದರ ಜೊತೆಯದು ಇಲ್ಲಿ.

"ಪುಟ್ಟಿ, ಜೋಡಿಸೋಕೆ ಹೋಗಬೇಡ. ನಿನಗೆ ಬೇಕಾದ್ದು ನಲವತ್ತೈದು ತಾನೇ?"

ಅವಳ ದನಿಯಲ್ಲಿ ಏನೋ ಇತ್ತು. ನಾನು ಜೋಡಿಸುತ್ತಲೇ ಹೋದೆ. ಇಪ್ಪತ್ತು ಜೋಡಿ ಆಯಿತು. ಆ ಕೂಡಿಕೆ, ಅದರ ಪಕ್ಕಕ್ಕೆ ಒಂಟಿ ಹದಿನಾಲ್ಕು, ಒಂಟಿ ಇಪ್ಪತ್ತೊಂದು. ಅದೂ ಆಯಿತು. ಇನ್ನುಳಿದದ್ದು ಎರಡು. ಹೆಣ್ಣುಮಗುವಾದರೆ ಅವೆರಡೂ ಒಂದೇ ಥರ ಇರಬೇಕು, ಎರಡೂ ಎಕ್ಸ್.

ಒಂದು ಎಕ್ಸ್ ಸಿಕ್ಕಿತು. ಇನ್ನೊಂದಕ್ಕಾಗಿ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಇರಲಿಲ್ಲ. ಉಳಿದದ್ದು ಮೋಟುದ್ದದ ಒಂದು ವರ್ಣತಂತು, ಕಾಲುಗಳೆರಡನ್ನೂ ಒಟ್ಟಿಗೆ ಚಾಚಿಕೊಂಡು ಬಿದ್ದಿತ್ತು.

ವೈ.

"ದೊಡ್ಡಮ್ಮ, ಇದು ಗಂಡುಮಗು."

ಅವಳು ಬೀನ್ಸ್ ತಟ್ಟೆಯನ್ನೇ ನೋಡುತ್ತಿದ್ದಳು.

ಈ ಫೋಟೋ ಇನ್‌ಸ್ಪೆಕ್ಟರ ಕೈಗೆ ಹೋದರೆ ಹಳೆಯ ಹಾಳೆ ಸುಳ್ಳೆಂದಾಗುತ್ತದೆ, ಅದರ ಜೊತೆಗೇ ಆ ಹುಡುಗಿಯೂ ಸುಳ್ಳೆಂದಾಗುತ್ತಾಳೆ. ಹೋಗದಿದ್ದರೆ ನಾಲ್ಕು ಗಂಟೆಗೆ ಜೀಪು.

"ಮದುವೆ, ಅತ್ತೆ, ಕಾಲು ಹಿಡಿದದ್ದು, ಎಲ್ಲ ಕಟ್ಟುಕಥೆ," ಎಂದೆ.

"ಕಾಲು ಹಿಡಿದದ್ದು ನಿಜ." ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. "ಫಾರಂನಲ್ಲಿ ಹೆಣ್ಣು ಅಂತ ಬರೆದಿತ್ತು. ಬಟ್ಟೆ ಸುತ್ತಿದ ಕೂಸು, ಒಂದು ಪಾದ ಮಾತ್ರ ಹೊರಗೆ. ರಕ್ತ ತೆಗೆದವಳು ನಾನೇ. ನರ ಸಿಗದೆ ಮೂರು ಸಲ ಚುಚ್ಚಿದ್ದೆ, ಪಾದವೆಲ್ಲ ನೀಲಿಗಟ್ಟಿತ್ತು. ಫೋಟೋ ತೊಳೆದಾಗ ಗಂಡು ಅಂತ ಗೊತ್ತಾಯ್ತು. ಯಾರೋ ಫಾರಂ ತಪ್ಪು ತುಂಬಿದ್ದಾರೆ ಅಂದ್ಕೊಂಡೆ."

"ಆಮೇಲೆ?"

"ನಾಲ್ಕನೇ ದಿನ ಅದರಮ್ಮ ರಿಪೋರ್ಟಿಗೆ ಬಂದಳು, ಮಗೂನ ಎತ್ಕೊಂಡು. ಗಂಡುಮಗು ಅಲ್ವೇನಮ್ಮ ಅಂದೆ. ಬಟ್ಟೆ ಸರಿಸಿ ತೋರಿಸಿದಳು. ಹೆಣ್ಣು. ನಾನು ಪಾದ ನೋಡ್ದೆ ಪುಟ್ಟಿ, ಎರಡೂ ಪಾದ ನೋಡ್ದೆ. ಒಂದೇ ಒಂದು ಸೂಜಿ ಗುರುತಿರಲಿಲ್ಲ."

ಮೇಜಿನ ಮೇಲೆ ನನ್ನ ಫೋನು ಹೊಡೆದುಕೊಳ್ಳತೊಡಗಿತು. ಇನ್‌ಸ್ಪೆಕ್ಟರು. ಇಬ್ಬರೂ ಅದನ್ನು ಮುಟ್ಟಲಿಲ್ಲ.

"ಅವಳು ಏನಂದಳು?"

"ಗಂಡು ಅಂತ ಬರೆದುಬಿಟ್ರೆ ಈ ಮಗೂನೂ ಕಿತ್ಕೋತಾರೆ ಅಕ್ಕಾ, ಅಂದಳು." ದೊಡ್ಡಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. "ಇಪ್ಪತ್ತೆಂಟು ವರ್ಷ ಆಯ್ತು, ಆ ಮಾತು ನನ್ನ ಕಿವೀಲೇ ಇದೆ. ಈ ಮಗೂನ ಅನ್ನಲಿಲ್ಲ ಕಣೇ. ಮಗೂನೂ ಅಂದಳು. ಇದರ ಅವಳಿ ಗಂಡುಕೂಸನ್ನ ಆಗಲೇ ಯಾರೋ ಕಿತ್ಕೊಂಡಿರಬೇಕು."